ದಿಣ್ಣೆಯ ಗೋಮಾಳದಲ್ಲಿ ಬರ ತಾಳುವ ಹುಲ್ಲು: ಮೊದಲ ಮಳೆಗಾಲದ ಕೆಲಸ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)



2023ರ ಮುಂಗಾರು ಕೈಕೊಟ್ಟಾಗ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಮೇವಿನ ಕೊರತೆ ಬಯಲುಸೀಮೆಯ ಕಷ್ಟವೆಂದು ಭಾವಿಸಿದ್ದ ಅರೆಮಲೆನಾಡಿನ ಗ್ರಾಮಗಳೂ ಆ ಬೇಸಿಗೆಯಲ್ಲಿ ಹುಲ್ಲಿಗಾಗಿ ಪರದಾಡಿದವು. ಶಿವಮೊಗ್ಗ–ಸಾಗರ ಹೆದ್ದಾರಿಯ ಇಕ್ಕೆಲಗಳಲ್ಲಿರುವ ಕುಂಸಿ ಭಾಗದ ಭೂಮಿಯನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ತಗ್ಗಿನಲ್ಲಿ ಗದ್ದೆ ಮತ್ತು ಅಡಿಕೆ ತೋಟ, ಅದರ ಮೇಲೆ ಮೆಕ್ಕೆಜೋಳದ ಹೊಲ, ಎತ್ತರದಲ್ಲಿ ಜಂಬಿಟ್ಟಿಗೆ ಮತ್ತು ಗರಸು ಮಿಶ್ರಿತ ಕೆಂಪು ಮಣ್ಣಿನ ದಿಣ್ಣೆ. ಮಳೆಗಾಲದಲ್ಲಿ ಹಸಿರಾಗಿ ಕಾಣುವ ಈ ದಿಣ್ಣೆ ಜನವರಿಯ ಹೊತ್ತಿಗೆ ಬೋಳಾಗುತ್ತದೆ. ಗೋಮಾಳ, ಹುಲ್ಲುಬನ್ನಿ ಎಂದು ಪಹಣಿಯಲ್ಲಿ ದಾಖಲಾಗಿರುವ ಜಮೀನು ಬಹುಪಾಲು ಇಂಥ ದಿಣ್ಣೆಯಲ್ಲಿಯೇ ಇದೆ.

ಈ ಜಮೀನಿನಲ್ಲಿ ಬರ ತಾಳುವ ಬಹುವಾರ್ಷಿಕ ಹುಲ್ಲನ್ನು ನೆಲೆಗೊಳಿಸುವ ವಿಧಾನವನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಬೀಜ, ಕಂದಕ, ಬಿತ್ತನೆಯ ವಿವರಗಳ ಜೊತೆಗೆ, ಇವೆಲ್ಲವನ್ನೂ ಉಳಿಸುವ ಅಥವಾ ಕೆಡಿಸುವ ಒಂದು ವಿಷಯಕ್ಕೆ ಹೆಚ್ಚಿನ ಸ್ಥಳ ನೀಡಲಾಗಿದೆ. ಅದು ಮೊದಲ ಮಳೆಗಾಲದಲ್ಲಿ ಆ ಜಮೀನಿಗೆ ದನ ಬಿಡದಿರುವ ಒಪ್ಪಂದ.

1. ಹುಲ್ಲು ಬರವನ್ನು ಹೇಗೆ ತಾಳುತ್ತದೆ

ಬಹುವಾರ್ಷಿಕ ಹುಲ್ಲಿನ ಜೀವ ಬುಡದಲ್ಲಿದೆ. ಮಳೆ ನಿಂತ ಮೇಲೆ ಎಲೆ ಒಣಗುತ್ತದೆ. ಆದರೆ ನೆಲಮಟ್ಟದ ಮೊಗ್ಗುಗಳು ಮತ್ತು ಬೇರಿನಲ್ಲಿ ಕೂಡಿಟ್ಟ ಆಹಾರ ಉಳಿದುಕೊಂಡು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಬೇರು ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ದೀರ್ಘಕಾಲ ಸಸ್ಯ ತಾಳುತ್ತದೆ. ಆ ಬೇರನ್ನು ಬೆಳೆಸಲು ಬೇಕಾದ ಆಹಾರ ತಯಾರಾಗುವುದು ಎಲೆಯಲ್ಲಿ. ಎಳೆಯ ಸಸಿಯ ಎಲೆಯನ್ನು ದನ ಮೇಯ್ದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಬೇರು ಹಿಡಿಯದ ಸಸಿಯನ್ನು ಬಾಯಿಂದ ಎಳೆದರೆ ಬುಡಸಮೇತ ಕಿತ್ತು ಬರುತ್ತದೆ. ಹೀಗೆ ಮೇಯಿಸಿದ ಜಮೀನಿನಲ್ಲಿ ಫೆಬ್ರವರಿಯ ಬಿಸಿಲಿಗೆ ಸತ್ತ ಹುಲ್ಲನ್ನು ಕಂಡು ನಾವು ಬೀಜವನ್ನು ಅಥವಾ ಮಳೆಯನ್ನು ದೂರುತ್ತೇವೆ. ವಾಸ್ತವದಲ್ಲಿ ಆ ಹುಲ್ಲು ಜುಲೈ ತಿಂಗಳಲ್ಲಿಯೇ ಸೋತಿರುತ್ತದೆ.

2. ಕಾನೂನಿನ ಅಳತೆ, ಮೇವಿನ ಲೆಕ್ಕ

ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 71ನೇ ಪ್ರಕರಣವು ಉಚಿತ ಗೋಮಾಳಕ್ಕಾಗಿ ಜಮೀನು ಕಾಯ್ದಿರಿಸಲು ಅವಕಾಶ ನೀಡುತ್ತದೆ. 1966ರ ಭೂಕಂದಾಯ ನಿಯಮಗಳ 97ನೇ ನಿಯಮವು 100 ಜಾನುವಾರುಗಳಿಗೆ 12 ಹೆಕ್ಟೇರ್ ಎಂಬ ಪ್ರಮಾಣವನ್ನು ನಿಗದಿಪಡಿಸಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ 1ನೇ ಅನುಸೂಚಿಯಲ್ಲಿ ಹುಲ್ಲುಗಾವಲುಗಳ ಅಭಿವೃದ್ಧಿ, ನಿರ್ವಹಣೆ ಮತ್ತು ಅವುಗಳ ಅನಧಿಕೃತ ಬಳಕೆಯ ತಡೆಯು ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳಲ್ಲಿ ಸೇರಿದೆ. ಗ್ರಾಮದ ಸಾಮೂಹಿಕ ಜಮೀನುಗಳ ಒತ್ತುವರಿಯನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ನಿರ್ದೇಶಿಸಿದೆ. ಅಧಿಕಾರದ ಕೊರತೆ ನಮಗಿಲ್ಲ. ಇನ್ನು ಲೆಕ್ಕವನ್ನು ನೋಡೋಣ.

ಸುಮಾರು 240 ಕೆ.ಜಿ. ತೂಕದ ದನವು ದಿನಕ್ಕೆ ತನ್ನ ತೂಕದ ಶೇ. 2.5ರಷ್ಟು, ಅಂದರೆ 6 ಕೆ.ಜಿ. ಒಣಮೇವು ತಿನ್ನುತ್ತದೆ. ಒಂದು ದನದ ಒಂದು ದಿನದ ಈ ಮೇವನ್ನು ಒಂದು 'ದನದಿನ' ಎಂದು ಕರೆಯೋಣ.

ಸವೆದ ಗೋಮಾಳದಲ್ಲಿ ಹೆಕ್ಟೇರಿಗೆ 1 ಟನ್ ಒಣಹುಲ್ಲು ಸಿಗುತ್ತದೆಂದು ಹಿಡಿದರೆ, 12 ಹೆಕ್ಟೇರಿಗೆ 12 ಟನ್, ಅಂದರೆ 2,000 ದನದಿನ. ಇದು 100 ದನಗಳಿಗೆ 20 ದಿನದ ಮೇವು.

ಹುಲ್ಲು ಮತ್ತು ದ್ವಿದಳ ಮೇವು ಚೆನ್ನಾಗಿ ನೆಲೆಗೊಂಡ ಮೇಲೆ ಹೆಕ್ಟೇರಿಗೆ 3 ಟನ್ ಎಂದು ಹಿಡಿದರೆ 36 ಟನ್, ಅಂದರೆ 6,000 ದನದಿನ. ಇದು 100 ದನಗಳಿಗೆ 60 ದಿನದ ಮೇವು.

ಈ ಲೆಕ್ಕದಿಂದ ಎರಡು ವಿಷಯ ಸ್ಪಷ್ಟವಾಗುತ್ತವೆ. ಗೋಮಾಳವು ಎಷ್ಟೇ ಸುಧಾರಿಸಿದರೂ ವರ್ಷವಿಡೀ ಊರಿನ ದನಗಳನ್ನು ಸಾಕಲಾರದು. ಹಾಗೆಂದು ಗ್ರಾಮಸಭೆಯಲ್ಲಿ ಯಾರೂ ಭರವಸೆ ಕೊಡಬಾರದು. ಆದರೆ ಆ 60 ದಿನಗಳನ್ನು ಕೊಯ್ದು ಬಣವೆ ಹಾಕಿಟ್ಟರೆ, ಭತ್ತದ ಹುಲ್ಲು ಮತ್ತು ಮೆಕ್ಕೆಜೋಳದ ಸಪ್ಪೆ ಮುಗಿಯುವ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ದಾಟಬಹುದು. ದನ ಮಾರಾಟವಾಗುವುದು ಈ ಎರಡು ತಿಂಗಳಲ್ಲಿಯೇ ಎಂಬುದು ಸದಸ್ಯರಿಗೆ ತಿಳಿದ ವಿಷಯ.

3. ಮುಚ್ಚುವುದರ ಬೆಲೆ ಎಷ್ಟು

ಹನ್ನೆರಡೂ ಹೆಕ್ಟೇರನ್ನು ಒಮ್ಮೆಗೇ ಮುಚ್ಚಿದರೆ ಊರು ಒಪ್ಪುವುದಿಲ್ಲ, ಒಪ್ಪಲೂಬಾರದು. ತಲಾ 4 ಹೆಕ್ಟೇರಿನ ಮೂರು ಭಾಗಗಳನ್ನು ಮಾಡಿ, ವರ್ಷಕ್ಕೊಂದು ಭಾಗವನ್ನು ಬಿತ್ತಿ ಮುಚ್ಚುವುದು ಸೂಕ್ತ. ಮೊದಲ ವರ್ಷ ಮುಚ್ಚಿದ ಭಾಗದಿಂದ ಕೈತಪ್ಪುವುದು 4 ಟನ್, ಅಂದರೆ ಸುಮಾರು 667 ದನದಿನ. 100 ದನಗಳಿಗೆ ಹಂಚಿದರೆ ಇದು ಏಳು ದಿನಕ್ಕಿಂತ ಕಡಿಮೆ ಮೇವು. ಎರಡನೆಯ ವರ್ಷ ಮೊದಲ ಭಾಗವನ್ನು ಕೊಯ್ಯಬಹುದು, ಎರಡನೆಯದು ಮುಚ್ಚಿರುತ್ತದೆ, ಮೂರನೆಯದು ಮೇವಿಗೆ ತೆರೆದಿರುತ್ತದೆ. ಮೊದಲ ಭಾಗವು ನಿರೀಕ್ಷೆಯ ಮುಕ್ಕಾಲು ಪಾಲು ಮಾತ್ರ ಕೊಟ್ಟರೂ 9 ಟನ್, ತೆರೆದ ಭಾಗದ 4 ಟನ್ ಸೇರಿ 13 ಟನ್. ಹಳೆಯ 12 ಟನ್‌ಗಿಂತ ಇದು ಹೆಚ್ಚು. ಆದ್ದರಿಂದ ಊರಿಗೆ ನಿಜವಾದ ಕೊರತೆಯ ವರ್ಷ ಒಂದೇ.

ಆದರೆ ಏಳು ದಿನವೆಂಬುದು ಸರಾಸರಿ. ಗದ್ದೆ ಇರುವವರಿಗೆ ಭತ್ತದ ಹುಲ್ಲಿದೆ, ಹೊಲ ಇರುವವರಿಗೆ ಸಪ್ಪೆ ಇದೆ. ಜಮೀನಿಲ್ಲದೆ ನಾಲ್ಕು ಆಡು, ಒಂದು ಹಸು ಸಾಕಿಕೊಂಡ ಮನೆಗೆ ಗೋಮಾಳವೇ ಹೊಲ. ಮುಚ್ಚುಗಡೆಯ ಭಾರವೆಲ್ಲವೂ ಅಂಥ ಮನೆಗಳ ಮೇಲೆ ಬೀಳುತ್ತದೆ. ಅವರ ಒಪ್ಪಿಗೆಯಿಲ್ಲದೆ ಕಟ್ಟಿದ ಬೇಲಿ ಒಂದು ರಾತ್ರಿಯೂ ನಿಲ್ಲುವುದಿಲ್ಲ. ನಿಲ್ಲಬೇಕೆಂದು ಕೇಳುವ ನೈತಿಕ ಹಕ್ಕೂ ನಮಗಿರುವುದಿಲ್ಲ.

ಈ ವಿಷಯದಲ್ಲಿ ಹರಿಯಾಣದ ಸುಖೋಮಾಜ್ರಿ ಗ್ರಾಮದ ಅನುಭವ ಉಪಯುಕ್ತ. 1970ರ ದಶಕದಲ್ಲಿ ಚಂಡೀಗಢದ ಸುಖ್ನಾ ಕೆರೆ ಹೂಳಿನಿಂದ ತುಂಬುತ್ತಿತ್ತು. ಹೂಳಿನ ಮೂಲ ಹುಡುಕಿದಾಗ ಅದು ಸುಖೋಮಾಜ್ರಿಯ ಮೇಲಿನ ಬೋಳುಗುಡ್ಡಗಳೆಂದು ತಿಳಿಯಿತು. ಅಲ್ಲಿ ಮಣ್ಣಿನ ಕಿರು ಅಣೆಕಟ್ಟೆಗಳನ್ನು ಕಟ್ಟಲಾಯಿತು. ನೀರಿನ ಪಾಲಿಗೆ ಪ್ರತಿಯಾಗಿ ಗ್ರಾಮಸ್ಥರು ಗುಡ್ಡದಲ್ಲಿ ದನ ಬಿಡುವುದನ್ನು ತಾವೇ ನಿಲ್ಲಿಸಿದರು. ಅಲ್ಲಿ ಜಮೀನಿಲ್ಲದ ಕುಟುಂಬಕ್ಕೂ ನೀರಿನ ಪಾಲು ಇತ್ತು. ಅದನ್ನು ಬೇರೆಯವರಿಗೆ ವಹಿಸಿ ಪ್ರತಿಫಲ ಪಡೆಯಬಹುದಿತ್ತು. ತಂತಿಯಿಲ್ಲದ ಆ ಬೇಲಿಗೆ 'ಸಾಮಾಜಿಕ ಬೇಲಿ' ಎಂಬ ಹೆಸರು ಬಂತು.

ನಮ್ಮಲ್ಲಿ ನೀರಿನ ಬದಲು ಹುಲ್ಲನ್ನೇ ಪಾಲು ಮಾಡಬಹುದು. ಮುಚ್ಚಿದ ಭಾಗದಲ್ಲಿ ಕೊಯ್ಯುವ ಹುಲ್ಲಿನ ಮೊದಲ ಹಕ್ಕು ಭೂರಹಿತ ಜಾನುವಾರು ಸಾಕಣೆದಾರರಿಗೆ ಎಂದು ನಿರ್ಣಯಿಸಬೇಕು. ಕಂದಕ, ನಾಟಿ, ಕಾವಲು ಕೆಲಸದ ಕೂಲಿ ಅದೇ ಮನೆಗಳಿಗೆ ಸಿಗುವಂತೆ ನೋಡಿಕೊಳ್ಳಬೇಕು. ಕುರಿ ಮತ್ತು ಆಡುಗಳಿಗಾಗಿ ತೆರೆದ ಭಾಗದಲ್ಲಿ ದಾರಿ ಹಾಗೂ ನೀರಿನ ತಾಣವನ್ನು ಮೊದಲೇ ಗುರುತಿಸಬೇಕು.

4. ಜಮೀನಿನ ಆಯ್ಕೆ

ಮೊದಲ ಭಾಗಕ್ಕೆ ವಿವಾದವಿಲ್ಲದ ಜಮೀನನ್ನು ಆರಿಸಿರಿ. ಪಹಣಿ ಮತ್ತು ಗ್ರಾಮನಕ್ಷೆ ನೋಡಿ, ತಹಶೀಲ್ದಾರರ ಮೂಲಕ ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸುವುದು ಮೊದಲ ಹೆಜ್ಜೆ. ಬಗರ್‌ಹುಕುಂ ಅರ್ಜಿ ಬಾಕಿ ಇರುವ ತುಂಡಿನಲ್ಲಿ ಮೊದಲ ವರ್ಷ ಕೈಹಾಕದಿರುವುದು ವಿವೇಕ. ಅರಣ್ಯವೆಂದು ದಾಖಲಾದ ಜಮೀನಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಯಾವ ಕಾಮಗಾರಿಯನ್ನೂ ಕೈಗೊಳ್ಳುವಂತಿಲ್ಲ.

ನಂತರ ಆ ಜಮೀನಿನಲ್ಲಿ ಈಗ ಏನಿದೆ ಎಂಬುದನ್ನು ನಡೆದು ನೋಡಬೇಕು. ಹತ್ತು ಹೆಜ್ಜೆಗೊಮ್ಮೆ ನಿಂತು, ಕಾಲಬಳಿ ಬಹುವಾರ್ಷಿಕ ಹುಲ್ಲಿನ ಬುಡವಿದೆಯೇ, ಕಳೆಯಿದೆಯೇ, ಬರಿಗಲ್ಲಿದೆಯೇ ಎಂದು ಗುರುತು ಹಾಕಿರಿ. ಅರ್ಧಕ್ಕಿಂತ ಹೆಚ್ಚು ಕಡೆ ಹುಲ್ಲಿನ ಬುಡ ಕಂಡುಬಂದರೆ ಹೊಸ ಬೀಜದ ಅಗತ್ಯವಿಲ್ಲ. ಒಂದು ಮಳೆಗಾಲ ಮುಚ್ಚಿದರೆ ನಾಡಹುಲ್ಲೇ ತೆಂಡೆಯೊಡೆದು ತುಂಬಿಕೊಳ್ಳುತ್ತದೆ. ಲಂಟಾನ, ಯುಪಟೋರಿಯಂ, ಪಾರ್ಥೇನಿಯಂ ಆವರಿಸಿದ್ದರೆ ಹೂ ಬಿಡುವ ಮೊದಲೇ ಬೇರುಸಮೇತ ತೆಗೆಯಬೇಕು.

5. ಯಾವ ಹುಲ್ಲು

ಗಂಜಿಗರಿಕೆ ನಮ್ಮ ದಿಣ್ಣೆಗಳ ನಾಡಹುಲ್ಲು. ಗರಸು ಮಣ್ಣು ಮತ್ತು ಇಳಿಜಾರನ್ನು ಸಹಿಸುತ್ತದೆ. ಹೂವಾಡುವ ಹೊತ್ತಿಗೆ ಕೊಯ್ದರೆ ಒಳ್ಳೆಯ ಕರಡ ಸಿಗುತ್ತದೆ.

ಅಂಜನ್ ಹುಲ್ಲು ಒಣಪ್ರದೇಶಗಳಲ್ಲಿ ಹೆಸರಾದದ್ದು. ತಮಿಳುನಾಡಿನ ಕಾಂಗೇಯಂ ಭಾಗದ ರೈತರು 'ಕೊರಂಗಾಡು' ಎಂಬ ಖಾಸಗಿ ಹುಲ್ಲುಗಾವಲುಗಳಲ್ಲಿ ಇದೇ ಜಾತಿಯ ಹುಲ್ಲುಗಳನ್ನು ಬಿಳಿಜಾಲಿ ಮರಗಳೊಡನೆ ಬೆಳೆಸಿ, ಜೀವಂತ ಬೇಲಿಯಿಂದ ಭಾಗ ಮಾಡಿ, ಸರದಿಯಂತೆ ಮೇಯಿಸುತ್ತಾರೆ. ಆದರೆ ಅಂಜನ್‌ಗೆ ನೀರು ನಿಲ್ಲುವ ನೆಲ ಆಗದು; ಹುಳಿ ಮಣ್ಣಿನಲ್ಲಿ ಕೃಶವಾಗಿ ಬೆಳೆಯುತ್ತದೆ. ಜಂಬಿಟ್ಟಿಗೆ ನೆಲ ಸಾಮಾನ್ಯವಾಗಿ ಹುಳಿಯಾಗಿರುವುದರಿಂದ ಮಣ್ಣು ಪರೀಕ್ಷೆಯಿಲ್ಲದೆ ಅಂಜನ್ ಬೀಜ ಖರೀದಿಸಬಾರದು. ಕೆಂಪು ಗರಸಿನ, ನೀರು ಬಸಿದುಹೋಗುವ ಭಾಗಗಳಿಗೆ ಮಾತ್ರ ಅದು ಸರಿ.

ಸ್ಟೈಲೋ ಹೆಮಾಟಾ ದ್ವಿದಳ ಮೇವು. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುತ್ತದೆ, ಬಡ ಮಣ್ಣನ್ನೂ ಹುಳಿಯನ್ನೂ ಸಹಿಸುತ್ತದೆ. ಮೊದಲ ವರ್ಷ ನಿಧಾನವಾಗಿ ಬೆಳೆದು ಎರಡನೆಯ ವರ್ಷ ಹರಡುತ್ತದೆ. ಹುಲ್ಲಿನ ಜೊತೆ ಇದನ್ನು ಬೆರೆಸಿದರೆ ಮೇವಿನ ಪೌಷ್ಟಿಕತೆ ಹೆಚ್ಚುತ್ತದೆ.

ಗಿನಿ ಹುಲ್ಲು ಮರಗಳ ಅರೆನೆರಳಿಗೆ, ತೇವ ಉಳಿಯುವ ತಗ್ಗಿಗೆ ಸರಿಹೊಂದುತ್ತದೆ. ನೇಪಿಯರ್ ಜಾತಿಯ ಹುಲ್ಲುಗಳಿಗೆ ನೀರಾವರಿ ಬೇಕು. ದಿಣ್ಣೆಗೆ ಅವು ತಕ್ಕುದಲ್ಲ.

ಒಂದು ಎಚ್ಚರಿಕೆ. ಬಫೆಲ್ ಎಂಬ ಹೆಸರಿನ ಇದೇ ಅಂಜನ್ ಹುಲ್ಲು ಆಸ್ಟ್ರೇಲಿಯಾ ಮತ್ತು ಅಮೆರಿಕದ ಅರಿಜೋನಾದಲ್ಲಿ ಸ್ಥಳೀಯ ಸಸ್ಯಗಳನ್ನು ಒತ್ತರಿಸಿ, ಬೆಂಕಿ ಹಬ್ಬಿಸುವ ಕಳೆಯಾಗಿದೆ. ನಾಡಹುಲ್ಲು ಉಳಿದಿರುವಲ್ಲಿ, ಕಾಡಿನ ಅಂಚಿನಲ್ಲಿ ಹೊರಗಿನ ಬೀಜ ಎರಚಬಾರದು. ತಳಿಯ ಆಯ್ಕೆಗೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಪಶುಪಾಲನಾ ಇಲಾಖೆ ಹಾಗೂ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಧಾರವಾಡ ಕೇಂದ್ರದ ಸಲಹೆ ಪಡೆಯಬಹುದು.

6. ಕೆಲಸದ ಕ್ರಮ

ಏಪ್ರಿಲ್–ಮೇ: ಸಮಪಾತಳಿ ಕಂದಕ. ನೀರನ್ನು ದಿಣ್ಣೆಯಲ್ಲಿಯೇ ನಿಲ್ಲಿಸದೆ ಬೀಜ ಬಿತ್ತಿದರೆ ಬೀಜವೂ ಮಣ್ಣೂ ಹಳ್ಳ ಸೇರುತ್ತವೆ. ಇಳಿಜಾರಿಗೆ ಅಡ್ಡಲಾಗಿ 4 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳದ ಕಂದಕಗಳನ್ನು ಒಂದರ ಕೆಳಗೊಂದು ನೇರವಾಗಿ ಬಾರದಂತೆ ಬಿಟ್ಟು ಬಿಟ್ಟು ತೋಡಬೇಕು. ಒಂದು ಕಂದಕ ಹಿಡಿಯುವುದು 1,000 ಲೀಟರ್. ಹೆಕ್ಟೇರಿಗೆ ಇಂಥ 100 ಕಂದಕಗಳಿದ್ದರೆ ಒಮ್ಮೆಗೆ 1 ಲಕ್ಷ ಲೀಟರ್, ಅಂದರೆ ಇಡೀ ಹೆಕ್ಟೇರಿನ ಮೇಲೆ 10 ಮಿ.ಮೀ. ನೀರು ಹರಿದುಹೋಗದೆ ನಿಲ್ಲುತ್ತದೆ. ಸಮಮಟ್ಟ ಗುರುತಿಸಲು ದುಬಾರಿ ಉಪಕರಣ ಬೇಡ. ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಸಾಕು. ಅಗೆದ ಮಣ್ಣನ್ನು ಕಂದಕದ ಕೆಳಬದಿಗೆ ಹಾಕಿ ಬದು ಮಾಡಿ, ಅದರ ಮೇಲೆ ಮೊದಲು ಹುಲ್ಲು ನೆಡಬೇಕು. ಈ ಕೆಲಸವನ್ನು ಉದ್ಯೋಗ ಖಾತರಿ ಕ್ರಿಯಾಯೋಜನೆಯಲ್ಲಿ ಸೇರಿಸಿಕೊಳ್ಳಬಹುದು.

ಮೇ: ಬೀಜದ ತಯಾರಿ. ಅಂಜನ್ ಬೀಜ ಕೊಯ್ಲಾದ ಕೂಡಲೇ ಮೊಳೆಯುವುದಿಲ್ಲ. ಹಿಂದಿನ ಹಂಗಾಮಿನ ಬೀಜ ಉತ್ತಮ. ಖರೀದಿಗೆ ಮೊದಲು 100 ಬೀಜಗಳನ್ನು ಒದ್ದೆ ಗೋಣಿಯಲ್ಲಿಟ್ಟು ಎಷ್ಟು ಮೊಳೆಯುತ್ತವೆಂದು ಎಣಿಸಿರಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಅದನ್ನು 80 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 4 ನಿಮಿಷ ಇಟ್ಟು, ಬಳಿಕ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನೆರಳಿನಲ್ಲಿ ಆರಿಸಬೇಕು. ಉಷ್ಣಮಾಪಕ ಇಲ್ಲದಿದ್ದರೆ ಮೂರು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಷ್ಟೇ ಬಿಸಿ ಬರುತ್ತದೆ.

ಜೂನ್: ಬಿತ್ತನೆ. ಮೃಗಶಿರಾ ಮಳೆಗೆ ನೆಲ ಎರಡು ಬಾರಿ ಚೆನ್ನಾಗಿ ನೆನೆದ ಕೂಡಲೇ ಬಿತ್ತಬೇಕು. ತಡವಾದರೆ ಪುನರ್ವಸು, ಪುಷ್ಯ ಮಳೆಗಳ ರಭಸಕ್ಕೆ ಬೇರು ಹಿಡಿಯದ ಸಸಿ ತೊಳೆದುಹೋಗುತ್ತದೆ. ಇಡೀ ದಿಣ್ಣೆಯನ್ನು ಉಳುಮೆ ಮಾಡಬಾರದು. ಸಮಪಾತಳಿಯಲ್ಲಿ ಅರ್ಧ ಮೀಟರಿಗೊಂದು ಗೀರು ಎಳೆದರೆ ಸಾಕು. ಅಂಜನ್ ಒಂದನ್ನೇ ಬಿತ್ತುವುದಾದರೆ ಹೆಕ್ಟೇರಿಗೆ 6ರಿಂದ 8 ಕೆ.ಜಿ., ಸ್ಟೈಲೋ ಒಂದನ್ನೇ ಸಾಲಿನಲ್ಲಿ ಬಿತ್ತುವುದಾದರೆ 6 ಕೆ.ಜಿ. ಬೀಜ ಬೇಕು. ಬೆರಕೆಯಲ್ಲಿ ಎರಡನ್ನೂ ಅರ್ಧರ್ಧ ಮಾಡಿಕೊಳ್ಳಬಹುದು. ಹಗುರ ಬೀಜವನ್ನು ತೇವದ ಮಣ್ಣಿನೊಡನೆ ಕಲಸಿ ಬಿತ್ತಿದರೆ ಗಾಳಿಗೆ ಹಾರದು. ಬೀಜದ ಮೇಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬೀಳಬಾರದು.

ಇಳಿಜಾರು ಹೆಚ್ಚಿರುವಲ್ಲಿ ಬೀಜಕ್ಕಿಂತ ನಾಟಿ ಖಚಿತ. ಮೇ ತಿಂಗಳಲ್ಲಿ ನೀರಿರುವ ಕಡೆ ಸಸಿಮಡಿ ಮಾಡಿ, ಒಂದು ತಿಂಗಳ ಸಸಿಯನ್ನು ಅಥವಾ ಹಳೆಯ ಬುಡದಿಂದ ಬಿಡಿಸಿದ ಬೇರುಸಹಿತ ತೆಂಡೆಯನ್ನು ಆರಿದ್ರಾ ಮಳೆಯಲ್ಲಿ ನೆಡಬೇಕು. ಸ್ವಸಹಾಯ ಸಂಘದ ಮಹಿಳೆಯರಿಗೆ ಸಸಿಮಡಿಯ ಕೆಲಸ ವಹಿಸಬಹುದು.

ಜುಲೈ–ಸೆಪ್ಟೆಂಬರ್: ಒಮ್ಮೆ ಕಳೆ ತೆಗೆಯುವುದು, ಖಾಲಿ ಉಳಿದ ಕಡೆ ಮರುನಾಟಿ. ದನ, ಕುರಿ, ಆಡು ಯಾವುದನ್ನೂ ಒಳಗೆ ಬಿಡುವಂತಿಲ್ಲ.

ಅಕ್ಟೋಬರ್–ನವೆಂಬರ್: ಬೀಜ ಉದುರಿದ ಮೇಲೆ ನೆಲದಿಂದ 10–15 ಸೆಂ.ಮೀ. ಬುಡ ಬಿಟ್ಟು ಒಂದು ಹಗುರ ಕೊಯ್ಲು. ಎರಡನೆಯ ವರ್ಷದಿಂದ ಹೂವಾಡುವ ಹೊತ್ತಿಗೆ ಕೊಯ್ಯಬೇಕು. ಬಲಿತು ಬಟ್ಟೆಗೆ ಚುಚ್ಚುವ ಸ್ಥಿತಿಗೆ ಬಂದ ಹುಲ್ಲನ್ನು ದನ ಮುಟ್ಟುವುದಿಲ್ಲ.

ಜನವರಿ: ಸುತ್ತಲೂ ಬೆಂಕಿ ರೇಖೆ. ಹೊಸ ಚಿಗುರಿಗಾಗಿ ಕರಡಕ್ಕೆ ಬೆಂಕಿ ಇಡುವ ರೂಢಿ ಕೆಲವೆಡೆ ಇನ್ನೂ ಇದೆ. ಎಳೆಯ ಹುಲ್ಲುಗಾವಲಿನಲ್ಲಿ ಅದು ಬುಡದ ಮೊಗ್ಗನ್ನೇ ಸುಡುತ್ತದೆ.

7. ಮೇಯಿಸುವ ಸರದಿ

ಮೂರು ಭಾಗಗಳೂ ನೆಲೆಗೊಂಡ ಮೇಲೆ ಸರದಿ ಇಲ್ಲದಿದ್ದರೆ ಐದಾರು ವರ್ಷದಲ್ಲಿ ಮತ್ತೆ ಹಳೆಯ ಸ್ಥಿತಿ ಬರುತ್ತದೆ. ಸರದಿಯ ಕಲ್ಪನೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯು ಟಿಪ್ಪುವಿನ ಕಾಲದಲ್ಲಿ 'ಅಮೃತ ಮಹಲ್' ಎಂಬ ಹೆಸರು ಪಡೆಯಿತು. ಸೈನ್ಯದ ಸಾಗಣೆಗೆ ಎತ್ತುಗಳನ್ನು ಒದಗಿಸುತ್ತಿದ್ದ ಈ ಸಂಸ್ಥೆಯ ಕಾವಲುಗಳು ಇಂದಿನ ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ, ತುಮಕೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ಹರಡಿದ್ದವು. ಆ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ವಿಂಗಡಿಸಲಾಗಿತ್ತು. ಬೇಸಿಗೆಗೆ ಮೀಸಲಾದ ನೆರಳು, ನೀರಿನ ಕಾವಲುಗಳಿಗೆ ಹೆಚ್ಚಿನ ಬೆಲೆಯಿತ್ತು. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಇದೆ. ಜಿಲ್ಲೆಗಳನ್ನು ದಾಟಿ ನಡೆಯುತ್ತಿದ್ದ ಆ ಸರದಿಯನ್ನು ಗ್ರಾಮ ಪಂಚಾಯಿತಿಯು 12 ಹೆಕ್ಟೇರಿನೊಳಗೆ ನಡೆಸಬಹುದು: ಮಳೆಗಾಲಕ್ಕೆ ಒಂದು ಭಾಗ ಮೇಯಲು, ಒಂದು ಕೊಯ್ಲಿಗೆ, ಒಂದು ವಿಶ್ರಾಂತಿಗೆ, ಪ್ರತಿ ವರ್ಷ ಸ್ಥಾನ ಬದಲು.

8. ಗ್ರಾಮಸಭೆಗೆ ಮಾದರಿ ನಿರ್ಣಯ

"ಸರ್ವೆ ನಂ. ____ರ ಗೋಮಾಳದ ಪೈಕಿ ____ ಹೆಕ್ಟೇರ್ ಭಾಗವನ್ನು ಈ ವರ್ಷದ ಜೂನ್ 1ರಿಂದ ಮುಂದಿನ ಮೇ 31ರವರೆಗೆ ಮೇವಿಗೆ ಮುಚ್ಚಲು ಸಭೆಯು ಒಪ್ಪಿದೆ. ಉಳಿದ ಭಾಗಗಳು ತೆರೆದಿರುತ್ತವೆ. ಮುಚ್ಚಿದ ಭಾಗದ ಮೊದಲ ಕೊಯ್ಲಿನ ಹುಲ್ಲನ್ನು ಸಭೆಯಲ್ಲಿ ಓದಿ ಅನುಮೋದಿಸಿದ ಪಟ್ಟಿಯಂತೆ ಭೂರಹಿತ ಜಾನುವಾರು ಸಾಕಣೆದಾರರಿಗೆ ಶುಲ್ಕವಿಲ್ಲದೆ ಹಂಚಲಾಗುವುದು. ಕಾವಲಿಗೆ ಇಬ್ಬರನ್ನು ಅದೇ ಪಟ್ಟಿಯಿಂದ ನೇಮಿಸಲಾಗುವುದು. ಲೆಕ್ಕವನ್ನು ಪ್ರತಿ ಗ್ರಾಮಸಭೆಯಲ್ಲಿ ಓದಲಾಗುವುದು."

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಗ್ರಾಮದ ಜಾನುವಾರು ಸಂಖ್ಯೆಗೆ ನಿಯಮದಂತೆ ಎಷ್ಟು ಹೆಕ್ಟೇರ್ ಗೋಮಾಳ ಇರಬೇಕು? ಪಹಣಿಯಲ್ಲಿ ಎಷ್ಟಿದೆ? ನೆಲದ ಮೇಲೆ ಎಷ್ಟು ಉಳಿದಿದೆ?

2. ಏಪ್ರಿಲ್ ತಿಂಗಳಲ್ಲಿ ಮೇವು ಕೊಳ್ಳಬೇಕಾದ ಮನೆಗಳು ಎಷ್ಟು? ಆ ಮನೆಗಳಲ್ಲಿ ಎಷ್ಟು ಮಂದಿ ಕಳೆದ ಗ್ರಾಮಸಭೆಗೆ ಬಂದಿದ್ದರು?

3. ಮೊದಲ ಮಳೆಗಾಲಕ್ಕೆ ಮುಚ್ಚುವ ಭಾಗದಲ್ಲಿ ಈಗ ದಿನವೂ ಮೇಯುತ್ತಿರುವುದು ಯಾರ ದನ, ಯಾರ ಆಡು? ಅವು ಜೂನ್ 2ರಂದು ಎಲ್ಲಿಗೆ ಹೋಗಬೇಕು?

ಮೂರನೆಯ ಪ್ರಶ್ನೆಗೆ ಹೆಸರು ಸಹಿತ ಉತ್ತರ ಬರೆದಾದ ಮೇಲೆ ಬೀಜದ ಬೇಡಿಕೆಪಟ್ಟಿ ಕಳುಹಿಸುವುದು ಸೂಕ್ತ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಕುಂಸಿ